ಎಡಗಡೆಯ ಏಳು

ಮಾರ್ಚ್ 3, ಬೆಳಿಗ್ಗೆ

ಹಾಲು ಕಾಯೋದಕ್ಕೂ ಮುಂಚೆ ಸೀಮೆಸುಣ್ಣದ ಸದ್ದು. ಮುಂದಿನ ಕೋಣೆಯಲ್ಲಿ ಇವರ ಲೆಕ್ಕ ಶುರು. ತಲೆ ಆಪರೇಷನ್ ಆಗಿ ತಿಂಗಳ ಮೇಲಾಯ್ತು, ಹೊಲಿಗೆ ಹಾಕಿದ ಕಡೆ ಕೂದಲು ಇನ್ನೂ ಗರಿಕೆ ಥರ. ಗಡ್ಡೆ ಮುಕ್ಕಾಲು ತೆಗೆದಿದ್ದೇವೆ, ಉಳಿದಿದ್ದನ್ನ ಕಾದು ನೋಡೋಣ ಅಂದಿದ್ದಾರೆ ಡಾಕ್ಟರು. ಕಾಯೋದು ನನ್ನ ಕೆಲಸ. ಇವರಿಗೆ ಬೇರೆ ಕೆಲಸ ಸಿಕ್ಕಿದೆ.

ಟ್ಯೂಷನ್ ಹೇಳ್ತಿದ್ದ ಕಾಲದ ಕರಿಹಲಗೆ, ಗೋಡೆ ತುಂಬ ಇದೆ. ಅದರ ಮೇಲ್ತುದಿಯಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದಾರೆ — 7393913. ಒರೆಸಿದರೆ ಕೈ ಮುರೀತೀನಿ ಅಂತ ಅಪ್ಪಣೆ.

ಈ ನಂಬರು ನನಗೆ ಸವತಿ ಇದ್ದ ಹಾಗೆ. ಮದುವೆಗೆ ಮುಂಚಿನಿಂದ ಇದೆ. ಪ್ರತಿ ವರ್ಷ ಶಾಲೆಯ ಮೊದಲ ದಿನ ಇದನ್ನ ಬೋರ್ಡಿನ ಮೇಲೆ ಬರೀತಾರೆ. ಯಾವುದರಿಂದಲೂ ಒಡೆಯಲ್ಲ, ಅವಿಭಾಜ್ಯ ಸಂಖ್ಯೆ. ಆಮೇಲೆ ಬಲಗಡೆಯಿಂದ ಒಂದು ಅಂಕಿ ಒರೆಸ್ತಾರೆ. 739391. ಅದೂ ಒಡೆಯಲ್ಲ. ಇನ್ನೊಂದು ಒರೆಸಿದರೆ 73939, ಅದೂ ಅಷ್ಟೆ. 7393, 739, 73, ಕೊನೆಗೆ ಬರೀ 7. ಎಲ್ಲವೂ ಗಟ್ಟಿ. ಮಕ್ಕಳು ಬಾಯಿ ಬಿಟ್ಕೊಂಡು ನೋಡ್ತಾರಂತೆ. ಅದಕ್ಕೇ ಇವರಿಗೆ ಶಾಲೆಯಲ್ಲಿ ಒರೆಸೋ ಮೇಷ್ಟ್ರು ಅಂತ ಹೆಸರು.

"ಇಷ್ಟು ವರ್ಷ ಪುಸ್ತಕ ನಂಬಿ ಹೇಳಿದೆ ಕಣೆ. ಒಂದು ಸಾರಿನೂ ನಾನೇ ಭಾಗಿಸಿ ನೋಡಿಲ್ಲ. ಈಗ ಪುರುಸೊತ್ತಿದೆ."

ಎರಡು, ಮೂರು, ಐದು, ಏಳು, ಹನ್ನೊಂದು... ಹೀಗೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸ್ತಾ 2719ರ ತನಕ ಹೋಗಬೇಕಂತೆ. ಅಲ್ಲಿಗೇ ಯಾಕೆ ನಿಲ್ಲಿಸ್ತೀರಿ ಅಂದೆ. ವರ್ಗಮೂಲ ಅಲ್ಲಿಗೆ ಮುಗಿಯುತ್ತೆ, ಅದಕ್ಕಿಂತ ದೊಡ್ಡದು ಇದನ್ನ ಭಾಗಿಸೋ ಹಾಗಿದ್ರೆ ಅದರ ಜೋಡಿ ಚಿಕ್ಕದು ಮೊದಲೇ ಸಿಕ್ಕಿಬಿದ್ದಿರುತ್ತೆ ಅಂದರು. ಸರಿ ಮಹಾರಾಯ ಅಂದ್ಕೊಂಡು ಕನ್ನಡಕದ ಅಂಗಡಿಗೆ ಹೊರಟೆ.


ಮಾರ್ಚ್ 6

ಅಂಗಡಿಯಲ್ಲಿ ಇವತ್ತು ಒಬ್ಬ ಡ್ರೈವರ್. ಕಣ್ಣಿನ ಚಾರ್ಟು ಪಟಪಟ ಓದಿದ. ಅನುಮಾನ ಬಂದು ಬೇರೆ ಚಾರ್ಟು ಹಾಕಿದೆ. ಎರಡನೇ ಸಾಲಿಗೇ ತಡವರಿಸಿದ. ಹೊರಗೆ ಕೂತಾಗ ಬಾಯಿಪಾಠ ಮಾಡ್ಕೊಂಡಿದ್ದ ಆಸಾಮಿ. ಕನ್ನಡಕ ಹಾಕಿಸಿಯೇ ಕಳಿಸಿದೆ.

ಮನೆಗೆ ಬಂದರೆ ಇವರು ಖುಷಿಯಲ್ಲಿದ್ದರು. 13ಕ್ಕೆ ಶೇಷ ಏಳು. 17ಕ್ಕೆ ಶೇಷ ಒಂದು. "ಒಂದೇ ಒಂದರಲ್ಲಿ ತಪ್ಪಿಸಿಕೊಂಡಿತು ನೋಡು." ಊಟಕ್ಕೆ ಕೂತಾಗ ಕೇಳಿದೆ, ಉತ್ತರ ಗೊತ್ತಿರೋ ಲೆಕ್ಕ ಮಾಡಿ ಏನು ಬಂತು? ಫೋನಿಗೆ ಕೇಳಿದ್ರೆ ಕ್ಷಣದಲ್ಲಿ ಹೇಳುತ್ತೆ. ನಾನು ಆಗಲೇ ಕೇಳಿದ್ದೂ ಆಯ್ತು, ಅವಿಭಾಜ್ಯ ಅಂತ ಬಂದದ್ದೂ ಆಯ್ತು.

ತುತ್ತು ಕೆಳಗಿಟ್ಟರು. "ಉತ್ತರ ಗೊತ್ತಿರೋದಕ್ಕೇ ಮಾಡ್ತಿರೋದು. ಎಲ್ಲೂ ಶೇಷ ಸೊನ್ನೆ ಬರಬಾರದು. ಬಂತು ಅಂದ್ರೆ ಸಂಖ್ಯೆ ತಪ್ಪಿಲ್ಲ, ನನ್ನ ತಲೆ ತಪ್ಪಿದೆ. ಆವಾಗ ಜೂನಿಗೆ ನಾನು ಕ್ಲಾಸಿಗೆ ಹೋಗಲ್ಲ. ಮಕ್ಕಳ ಮುಂದೆ ತಪ್ಪು ತಲೆ ಇಟ್ಕೊಂಡು ನಿಲ್ಲೋ ಮನುಷ್ಯ ಅಲ್ಲ ನಾನು."

ತಮಾಷೆ ಮಾಡೋಣ ಅಂತ ಬಾಯಿ ತೆರೆದವಳು ಇವರ ತಟ್ಟೆಗೆ ಸಾರು ಬಡಿಸಿದೆ. ಇದು ಟೈಂ ಪಾಸ್ ಅಲ್ಲ. ಪರೀಕ್ಷೆ. ಇವರೇ ಬರೆಯೋದು, ಇವರೇ ತಿದ್ದೋದು.


ಮಾರ್ಚ್ 11, ಸಂಜೆ

ಒಳ್ಳೆ ದಿನ. ಬರೆದಿಡ್ತೀನಿ, ಇಂಥವು ಕಡಿಮೆ.

37ಕ್ಕೆ ಒಂದು ಉಪಾಯ ಹೇಳಿಕೊಟ್ಟರು. ಬಲಗಡೆಯಿಂದ ಮೂರು ಮೂರು ಅಂಕಿ ಕತ್ತರಿಸಿ ಕೂಡಿಸು. 913, 393, ಉಳಿದ 7. ಒಟ್ಟು 1313. ಅದನ್ನ 37ರಿಂದ ಭಾಗಿಸಿದರೆ ಸಾಕು, ಶೇಷ 18. ಪೂರ್ತಿ ಸಂಖ್ಯೆಯನ್ನ ಭಾಗಿಸಿದರೂ 18. ನಾನೇ ಮಾಡಿ ನೋಡಿದೆ. ಬಂತು. ಇಷ್ಟು ವರ್ಷ ಒಟ್ಟಿಗಿದ್ದು ಇವರ ಹತ್ತಿರ ಪಾಠ ಕಲಿತದ್ದು ಇದೇ ಮೊದಲು. "ಪರವಾಗಿಲ್ಲ, ಪಾಸು" ಅಂದರು.

ಆದರೂ ನಿಧಾನ. ದಿನಕ್ಕೆ ಒಂದೋ ಎರಡೋ. ಭಾಗಿಸಿದ ಮೇಲೆ ಗುಣಿಸಿ ತಾಳೆ ನೋಡ್ತಾರೆ. ಪ್ರತಿ ಸಾರಿಯೂ ತಲೆ ಎತ್ತಿ ಮೇಲಿನ ಸಂಖ್ಯೆ ನೋಡಿ ನೋಡಿ ಕೆಳಗೆ ಇಳಿಸ್ಕೋತಾರೆ. ಬಾಯಿಗೇ ಬರುತ್ತಲ್ಲ, ಯಾಕೆ ಕತ್ತು ನೋಯಿಸ್ಕೋತೀರಿ ಅಂದೆ.

"ನೆನಪಿನಿಂದ ಬರೆಯೋರೇ ತಪ್ಪು ಮಾಡೋದು. ನೋಡಿ ಬರಿ." ಕ್ಲಾಸಿನಲ್ಲಿ ಗದರಿಸೋ ದನಿ, ಅದೇ. ಕೇಳಿ ಸಮಾಧಾನ ಆಯ್ತು.


ಮಾರ್ಚ್ 19

ಇವರ ಅಕ್ಕ ಬಂದಿದ್ದಾರೆ. ನಾನು ಅಂಗಡಿಗೆ ಹೋದಾಗ ಜೊತೆಗಿರ್ತೀನಿ ಅಂತ. ಬಂದವರೇ ಬೋರ್ಡು ನೋಡಿ, "ಅಲ್ಲ ಕಣೆ, ಒಂದೇ ನಂಬರನ್ನ ಇಷ್ಟು ದಿನದಿಂದ ಕುಯ್ಯುತ್ತಾ ಕೂತಿದಾನಲ್ಲ, ಪಾಪ, ಇನ್ನೊಂದು ಕೊಡಬಾರದಾ?" ನಗು ತಡೆಯೋಕೆ ಆಗಲಿಲ್ಲ.

ನಗು ಅಲ್ಲಿಗೇ ಮುಗೀತು. ಮಧ್ಯಾಹ್ನ ತಟ್ಟೆಯಲ್ಲಿ ಅನ್ನ ಮುಗಿಸಿದರು, ತರಕಾರಿ ಮುಟ್ಟಲೇ ಇಲ್ಲ. ಬೇಡವಾ ಅಂದೆ. "ಹಾಕಿದ್ರೆ ತಾನೆ ತಿನ್ನೋದು?" ಅಂದರು. ಮೂಗಿನ ಕೆಳಗೇ ಇದೆ. ತೆಗೆಯೋಕೆ ಅಂತ ತಟ್ಟೆ ತಿರುಗಿಸಿದೆ. "ತಡಿ ತಡಿ, ಇದೆಯಲ್ಲ" ಅಂತ ಚೊಕ್ಕವಾಗಿ ತಿಂದರು. ಇದು ಯಾವ ಸೀಮೆ ಹುಡುಗಾಟ ಗೊತ್ತಾಗಲಿಲ್ಲ.

101ಕ್ಕೆ ಶೇಷ ಆರು ಅಂತೆ. ಮುಂದಕ್ಕೆ ಹೋಗ್ತಿದ್ದಾರೆ.


ಮಾರ್ಚ್ 23

ಜಗಳ.

ಊಟದ ಟೇಬಲ್ಲಿನಲ್ಲಿ ನನ್ನ ಕುರ್ಚಿ ಯಾವಾಗಲೂ ಇವರ ಎಡಕ್ಕೆ. ಅಡುಗೆ ಮನೆ ಬಾಗಿಲು ಆ ಕಡೆ, ಬಡಿಸೋಕೆ ಅನುಕೂಲ. ಅಲ್ಲಿ ಕೂತು ಅಂಗಡಿ ವಿಷಯ ಹೇಳ್ತಾ ಇದ್ದೆ. ಒಂದು ಹೂಂ ಇಲ್ಲ, ಹಾಂ ಇಲ್ಲ. ಎದುರಿಗಿದ್ದ ಅಕ್ಕನ ಜೊತೆ ಮಾತ್ರ ಮಾತು. ನಾಲ್ಕು ದಿನದಿಂದ ಇದೇ. ಕೊನೆಗೆ, "ನಾನೊಬ್ಬಳು ಇಲ್ಲಿ ಕೂತಿದೀನಿ, ಗೋಡೆ ಅಂದ್ಕೊಂಡ್ರಾ?" ಅಂದೆ. ಬೆಚ್ಚಿಬಿದ್ದವರ ಹಾಗೆ, "ಯಾವಾಗ ಬಂದು ಕೂತೆ?" ಅಂದರು.

ಯಾವಾಗ ಬಂದು ಕೂತೆನಂತೆ. ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅಳು ಬಂತು. ಕಾಯಿಲೆಯವರ ಮೇಲೆ ಕೋಪ ಮಾಡ್ಕೋಬಾರದು ಅಂತ ಎಲ್ಲರೂ ಹೇಳ್ತಾರೆ. ಹೇಳೋರು ಒಂದು ದಿನ ಬಂದು ಇರಲಿ.

ಬೋರ್ಡಿನಲ್ಲೂ ಅರ್ಧ ಖಾಲಿ ಬಿಟ್ಟು ಬಲಗಡೆ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಬರೀತಿದ್ದಾರೆ. ಉಳಿದರ್ಧ ಯಾರಿಗೆ ಬಿಟ್ಟಿದ್ದೀರಿ ಅಂತ ಕೇಳೋಣ ಅನ್ನಿಸಿತು. ಕೇಳಲಿಲ್ಲ. ಮಾತು ಬಿಟ್ಟಿದ್ದೀನಲ್ಲ.


ಮಾರ್ಚ್ 27, ಸಂಜೆ 6

ಬಾಗಿಲು ತೆಗೆದಾಗಲೇ ಗೊತ್ತಾಯ್ತು. ಅಕ್ಕ ಬಾಯಿಯ ಮೇಲೆ ಬೆರಳಿಟ್ಟರು. ಇವರು ಬೋರ್ಡಿಗೆ ಬೆನ್ನು ಹಾಕಿ ಕೂತಿದ್ದರು, ಕೈಯಲ್ಲಿ ಸೀಮೆಸುಣ್ಣ ಪುಡಿ ಪುಡಿ.

"157. ಶೇಷ ಸೊನ್ನೆ."

ಇನ್ನೊಂದ್ಸಾರಿ ಮಾಡಿ ಅಂದೆ. "ಮೂರು ಸಾರಿ ಮಾಡಿದೆ. ಗುಣಿಸಿಯೂ ನೋಡಿದೆ. ಪ್ರತಿ ಸಾರಿಯೂ ಸೊನ್ನೆ. ತಪ್ಪು ಎಲ್ಲಿದೆ ಅಂತಾನೇ ಕಾಣ್ತಿಲ್ಲ ನನಗೆ. ತಪ್ಪು ಮಾಡೋದು ಬೇರೆ, ತಪ್ಪು ಕಾಣದೇ ಇರೋದು ಬೇರೆ."

ಶಾಲೆಯ ಹೆಡ್ ಮೇಡಂಗೆ ಆಗಲೇ ಫೋನ್ ಮಾಡಿ ಹೇಳಿಬಿಟ್ಟಿದ್ದಾರೆ, ಜೂನಿಗೆ ಬರಲ್ಲ, ಬೇರೆಯವರನ್ನ ನೋಡ್ಕೊಳ್ಳಿ ಅಂತ. ಮೇಡಂ ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಬಲಗೈ. ತಣ್ಣಗಿತ್ತು. ನನಗೆ ಭಯ ಆಗ್ತಿದೆ. ಬೇರೆ ಏನೂ ಬರೆಯೋಕೆ ತೋಚುತ್ತಿಲ್ಲ.


ಮಾರ್ಚ್ 28

ಗಡ್ಡ ಹೆರೆದುಕೊಂಡಿಲ್ಲ. ಅಕ್ಕ ಹೇಳ್ತಾರೆ, ಹೋಗಲಿ ಬಿಡು, ಲೆಕ್ಕ ಬರದೇ ಇರೋರು ಬದುಕಿಲ್ವಾ. ಬದುಕಿದ್ದಾರೆ. ಆದರೆ ಅವರು ಇವರಲ್ಲ.


ಮಾರ್ಚ್ 29, ಮಧ್ಯಾಹ್ನ

ಅಂಗಡಿಗೆ ರಜೆ ಹಾಕಿದೆ. ಇವರು ಮಲಗಿದ್ದಾರೆ. ಏಳೋದರೊಳಗೆ ಇದನ್ನ ಬರೀಬೇಕು.

ಬೋರ್ಡು ಒರೆಸಿಬಿಡು, ನೋಡೋಕೆ ಆಗ್ತಿಲ್ಲ ಅಂದಿದ್ದರು. ಬಟ್ಟೆ ಒದ್ದೆ ಮಾಡ್ಕೊಂಡು ಹೋದೆ. ಒರೆಸೋ ಮುಂಚೆ ತಪ್ಪು ಎಲ್ಲಿ ಅಂತ ನೋಡೋಣ, ನಾನೂ 37ರಲ್ಲಿ ಪಾಸಾದವಳಲ್ವಾ ಅಂತ ನಿಂತೆ. ಒಂದೊಂದೇ ಸಾಲು ನೋಡಿದೆ. ಕಳೆದದ್ದು ಸರಿ. ಇಳಿಸಿದ್ದು ಸರಿ. ಉತ್ತರ 2509. ಫೋನ್ ತೆಗೆದು 157ರಿಂದ 2509ನ್ನ ಗುಣಿಸಿದೆ. 393913. ಇವರು ಬರೆದದ್ದೂ ಅದೇ.

ಎಲ್ಲವೂ ಸರಿ. ಹಾಗಾದರೆ ಸಂಖ್ಯೆ ಒಡೆಯಿತಾ? ಫೋನು ಒಡೆಯಲ್ಲ ಅಂದಿತ್ತಲ್ಲ. ಸುಮಾರು ಹೊತ್ತು ಪೆದ್ದಿ ಥರ ನಿಂತಿದ್ದೆ. ಆಮೇಲೆ ಮೇಲೆ ನೋಡಿದೆ, ಕೆಳಗೆ ನೋಡಿದೆ. ಮೇಲೆ 7393913. ಕೆಳಗೆ 393913. ಮೊದಲ ಏಳು ಇಲ್ಲ. ಅದರ ಪಕ್ಕ ಇನ್ನೊಂದು ಸಾರಿ ಮಾಡಿದ್ದಾರೆ, ಅಲ್ಲೂ ಇಲ್ಲ. ಮೂರನೇ ಸಾರಿ, ಅಲ್ಲೂ ಇಲ್ಲ.

ಇವರು ಭಾಗಿಸಿದ್ದು ಬೇರೆ ಸಂಖ್ಯೆಯನ್ನ. ಆ ಬೇರೆ ಸಂಖ್ಯೆಗೆ ಇವರ ಉತ್ತರ ನೂರಕ್ಕೆ ನೂರು ಸರಿ.

ಮೊದಲು ಬಂದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ. ತಲೆ ಸರಿಯಿದೆ, ಲೆಕ್ಕ ಸರಿಯಿದೆ. ಅಷ್ಟರಲ್ಲಿ ತಟ್ಟೆ ನೆನಪಾಯ್ತು. ತರಕಾರಿ ಇದ್ದದ್ದು ಎಡಗಡೆ. ಬೋರ್ಡಿನಲ್ಲಿ ಖಾಲಿ ಇದ್ದದ್ದು ಎಡಗಡೆ. ನಾನು ಕೂತದ್ದು ಎಡಗಡೆ.

ಊರಿನವರ ಕಣ್ಣಿಗೆಲ್ಲ ಕನ್ನಡಕ ಕೂರಿಸೋಳು ನಾನು. ಮನೆಯಲ್ಲಿ ಒಬ್ಬರಿಗೆ ಅರ್ಧ ಲೋಕ ಮಾಯವಾಗ್ತಿದ್ರೆ, ನಾನು ಮುನಿಸ್ಕೊಂಡು ತಟ್ಟೆ ಎತ್ತಿಕೊಂಡು ಹೋದೆ.


ಅದೇ ದಿನ, ಸಂಜೆ

ಎದ್ದ ಮೇಲೆ ಬೋರ್ಡಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಬೇಡ ಅಂದರು. ಒಂದೇ ನಿಮಿಷ ಅಂದೆ.

"ಕಣ್ಣು ಮುಚ್ಚಿ. ನಿಮ್ಮ ನಂಬರು ಹೇಳಿ."

"ಏಳು ಮೂರು ಒಂಬತ್ತು ಮೂರು ಒಂಬತ್ತು ಒಂದು ಮೂರು." ನಿದ್ದೆಯಲ್ಲೂ ಹೇಳಬಲ್ಲರು.

"ಈಗ ಕಣ್ಣು ಬಿಡಿ. ಮೇಲಿರೋದನ್ನ ಓದಿ."

"ಮೂರು ಒಂಬತ್ತು ಮೂರು ಒಂಬತ್ತು ಒಂದು ಮೂರು."

ಇವರ ಬೆರಳು ತೊಡೆಯ ಮೇಲೆ ಮೆಲ್ಲಗೆ ಎಣಿಸುತ್ತಿದ್ದವು. "ಈಗ ಆರೇ ಹೇಳಿದೆ," ಅಂದರು. ಎದ್ದು ಬೋರ್ಡಿನ ಹತ್ತಿರ ಹೋದರು. ಕುರುಡರ ಹಾಗೆ ಕೈ ಎಡಕ್ಕೆ ಸರಿಸಿದರು. "ಇಲ್ಲಿದೆಯಾ?" ಇದೆ ಅಂದೆ. ತಲೆ ಪೂರ್ತಿ ಆ ಕಡೆ ತಿರುಗಿಸಿದಾಗ ಕಂಡಿತು. "ಇಲ್ಲೇ ಇದೆಯಲ್ಲೇ," ಅಂದರು. ಮಗುವಿನ ದನಿ.

ಎಲ್ಲ ಹೇಳಿದೆ. ತಟ್ಟೆ, ಕುರ್ಚಿ, ನಾನು. ಕತ್ತಲು ಕಾಣಲ್ವಾ ಆ ಕಡೆ ಅಂತ ಕೇಳಿದೆ. "ಕತ್ತಲು ಇದ್ದಿದ್ರೆ ಗೊತ್ತಾಗ್ತಿತ್ತು. ಏನೂ ಇಲ್ಲ ಅಲ್ಲಿ. ಇಲ್ಲ ಅನ್ನೋದೂ ಇಲ್ಲ."

ಆಮೇಲೆ, ದೇವರಾಣೆ, ನಕ್ಕರು. ಸೀಮೆಸುಣ್ಣ ಕೇಳಿದರು. 2509ನ್ನ ಇನ್ನಷ್ಟು ಒಡೆದರು, 13 ಮತ್ತು 193. "ನೋಡು. ಬಲಗಡೆಯಿಂದ ಎಷ್ಟು ಬೇಕಾದ್ರೂ ಒರೆಸು, ಇದು ಒಡೆಯಲ್ಲ. ಎಡಗಡೆ ಒಂದೇ ಒಂದು ಹೋದ್ರೆ ಹದಿಮೂರಕ್ಕೇ ಮುರಿದುಬೀಳುತ್ತೆ. ಇಷ್ಟು ವರ್ಷ ಈ ಕಡೆಯಿಂದ ಒರೆಸಿದೆ, ಆ ಕಡೆಯಿಂದ ಒರೆಸಿ ನೋಡೋಣ ಅಂತ ಹೊಳೀಲೇ ಇಲ್ಲ."

ನಗು ಮುಗಿಸಿ ಸೀಮೆಸುಣ್ಣ ಕೆಳಗಿಟ್ಟರು. "ಡಾಕ್ಟರಿಗೆ ಫೋನ್ ಮಾಡು," ಅಂದರು.


ಏಪ್ರಿಲ್ 2

ಸ್ಕ್ಯಾನ್ ಆಯ್ತು. ಉಳಿಸಿದ್ದ ಗಡ್ಡೆ ಬೆಳೆದಿದೆ. ಡಾಕ್ಟರು ನೇರ ಮನುಷ್ಯ. ತೆಗೆಯದಿದ್ದರೆ ಎಡಗಡೆ ಪೂರ್ತಿ ಹೋಗುತ್ತೆ, ಅಲ್ಲಿಗೇ ನಿಲ್ಲೋದೂ ಇಲ್ಲ. ತೆಗೆದರೆ ಎಡಗೈ ಹೋಗಬಹುದು. ಎಡಗಡೆಯ ಅರಿವು ಮರಳಬಹುದು, ಮರಳದೇನೂ ಇರಬಹುದು. ತಲೆ ತಿರುಗಿಸಿ ನೋಡೋದನ್ನ ಅಭ್ಯಾಸ ಮಾಡಿಸಬೇಕಾಗುತ್ತೆ.

"ಲೆಕ್ಕ?" ಅಂದರು ಇವರು.

"ಹೇಳಲಾರೆ," ಅಂದರು ಡಾಕ್ಟರು.

ಬಸ್ಸಿನಲ್ಲಿ ಇವರ ಬಲಗಡೆ ಕೂತೆ. ಈಗ ಎಲ್ಲ ಕಡೆಯೂ ಬಲಗಡೆಯೇ ಕೂರ್ತೀನಿ. ಟೇಬಲ್ಲಿನಲ್ಲಿ ಬಡಿಸೋಕೆ ಸುತ್ತಿ ಬರಬೇಕು. ಬರ್ತೀನಿ, ಅದಕ್ಕೇನು.


ಏಪ್ರಿಲ್ 5

ಅಕ್ಕನಿಗೂ ನನಗೂ ಮಾತಿಗೆ ಮಾತು. "ಅರ್ಧ ಕಂಡ್ರೆ ಸಾಕಲ್ಲ ಕಣೆ, ಮತ್ತೆ ತಲೆ ಕೊಯ್ಯಿಸೋದು ಯಾಕೆ? ಇರೋ ಒಬ್ಬ ತಮ್ಮ." ನನಗೂ ಇರೋದು ಒಬ್ಬರೇ ಗಂಡ ಅಂದೆ. ಅಂದಮೇಲೆ ಇಬ್ಬರೂ ಅತ್ತೆವು. ಅವರು ಹೇಳೋದೂ ಸುಳ್ಳಲ್ಲ. ಆಪರೇಷನ್ ಮೇಜಿಗೆ ಹೋದವರು ಯಾವ ಥರ ವಾಪಸ್ ಬರ್ತಾರೋ ಯಾರು ಕಂಡಿದ್ದಾರೆ.

ಇವರು ಒಳಗಿನಿಂದ ಕೇಳಿಸ್ಕೊಂಡು ಬಂದರು. ಬರುವಾಗ ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿಯಿತು, ಎಂದಿನಂತೆ. "ಅಕ್ಕ, ನಾನು ತಪ್ಪು ಕಾಣದೇ ಇದ್ದೆನಲ್ಲ, ಅದು ಕೈ ಹೋಗೋದಕ್ಕಿಂತ ಕಷ್ಟ. ಮಾಡಿಸೋಣ."

ಮುಗೀತು. ಇನ್ನು ವಾದ ಇಲ್ಲ.


ಏಪ್ರಿಲ್ 14, ಬೆಳಿಗ್ಗೆ, ಆಸ್ಪತ್ರೆ

ಎಂಟಕ್ಕೆ ಒಳಗೆ ಕರ್ಕೊಂಡು ಹೋಗ್ತಾರೆ. ನಿನ್ನೆ ಮನೆಯಿಂದ ಹೊರಡೋ ಮುಂಚೆ 157 ಮತ್ತೆ ಮಾಡಬೇಕು ಅಂತ ಹಟ. ನಾನು ಎಡಗಡೆಯ ಏಳರ ಮೇಲೆ ಬೆರಳಿಟ್ಟುಕೊಂಡು ನಿಂತೆ. ನನ್ನ ಬಳೆ ಅಲ್ಲಾಡಿಸ್ತಾ ಇದ್ದೆ, ಸದ್ದು ಕೇಳಿ ಆ ಕಡೆ ತಿರುಗಲಿ ಅಂತ. ತಿರುಗಿ ಏಳು ಹಿಡಿದರು, ಭಾಗಿಸಿದರು. 47094. ಶೇಷ 155.

"ಇನ್ನೆರಡು ಇದ್ದಿದ್ರೆ ಒಡೀತಿತ್ತು," ಅಂದರು. ಮುಖದಲ್ಲಿ ಹಳೆ ಕಳೆ. "ಇನ್ನು 163. ಬಂದು ಮಾಡ್ತೀನಿ. ಹೆಡ್ ಮೇಡಂಗೆ ನೀನೇ ಹೇಳು, ಸ್ವಲ್ಪ ತಡೀಲಿ ಅಂತ."

ಹೇಳಿದೆ. ತಡೀತೀವಿ ಅಂದರು.

ಸ್ಟ್ರೆಚರ್ ಬಂತು. ಬಲಗಡೆಯಿಂದ ಹೋಗಿ ಮುಖ ತೋರಿಸಿದೆ. ಕಂಡೆನಾ ಅಂದೆ. "ಪೂರ್ತಿ," ಅಂದರು.


ಏಪ್ರಿಲ್ 15

ಹೊರಗೆ ಬಂದಿದ್ದಾರೆ. ಉಸಿರು ಸರಿಯಿದೆ. ಕಣ್ಣು ತೆರೆದಿಲ್ಲ.


ಏಪ್ರಿಲ್ 17

ಕಣ್ಣು ತೆರೆದರು. ಮಾತಿಲ್ಲ. ಬಲಗೈ ಹಿಡಿದರೆ ಹಿಚುಕುತ್ತಾರೆ. ಎಡಗೈ ಸುಮ್ಮನೆ ಬಿದ್ದಿದೆ, ಬೇರೆ ಯಾರದೋ ಕೈ ಇಟ್ಟ ಹಾಗೆ. ಡಾಕ್ಟರು ಹೆಸರು ಕೇಳಿದರು, ಊರು ಕೇಳಿದರು. ಸೂರು ನೋಡ್ತಾ ಇದ್ದರು. ಕಾಯಬೇಕು ಅಂದರು ಡಾಕ್ಟರು. ಮತ್ತೆ ಕಾಯೋದು.

ಅಕ್ಕ ನನ್ನನ್ನ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.


ಏಪ್ರಿಲ್ 18, ಮಧ್ಯಾಹ್ನ 3

ಪರಿಚಯದ್ದು ಏನಾದರೂ ತೋರಿಸಿ ಅಂದರು ನರ್ಸು. ಇವರಿಗೆ ನನಗಿಂತ ಪರಿಚಯದ್ದು ಒಂದೇ. ಒಂದು ದೊಡ್ಡ ಕಾಗದದ ಮೇಲೆ ದಪ್ಪ ಪೆನ್ನಿನಲ್ಲಿ 7393913 ಬರೆದು ಮಂಚದಲ್ಲಿ ಇವರ ಕಾಲ ಕಡೆಯ ಅಡ್ಡ ಹಲಗೆಗೆ ಒರಗಿಸಿದೆ. ಬಲಗಡೆ ತುಂಬ ಮೆಷಿನ್ನು, ಸ್ಟೂಲ್ ಹಾಕೋಕೆ ಜಾಗ ಇರೋದು ಎಡಗಡೆ ಮಾತ್ರ. ಅಲ್ಲೇ ಕೂತೆ. ಕೂತು ಇಷ್ಟು ಹೊತ್ತೂ ಬರೀತಿದ್ದೀನಿ.

ಈಗ ಬಾಯಿ ತೆರೆದರು.

"ಮೂರು."

ಏಳು ಬರಲಿಲ್ಲ. ಒಂಬತ್ತು. ಮೂರು. ಒಂಬತ್ತು. ಒಂದು. ಮೂರು. ನಿಲ್ಲಿಸಿದರು. ಮಾತು ಬಂತಲ್ಲ, ಅಷ್ಟು ಸಾಕು ಅಂದ್ಕೊಂಡೆ. ಸಾಕಾಗಲಿಲ್ಲ. ಕಾಗದ ತೆಗೆದುಬಿಡೋಣ ಅಂತ ಕೈ ಚಾಚಿದೆ. ಬಲಗೈ ಎತ್ತಿ ತಡೆದರು. ಹುಬ್ಬು ಗಂಟಿಕ್ಕಿತ್ತು. ತುಟಿ ಏನೋ ಗುಣಿಸ್ತಾ ಇತ್ತು.

"ಇದು ಹದಿಮೂರಕ್ಕೆ ಒಡೆಯುತ್ತೆ," ಅಂದರು. ದನಿ ಒಡೆದು ಒಡೆದು ಬಂತು. "ಒಡೆಯೋದನ್ನ ನನಗೆ ಯಾರೂ ತೋರಿಸಲ್ಲ. ಎಡಗಡೆ ಇನ್ನೇನೋ ಇದೆ."

ಇದೆ ಅಂದೆ.

"ನೀನಾ? ನೀನೂ ಆ ಕಡೆನೇ ಇದೀಯಾ?"

ಹೂಂ ಅಂದೆ. ತಲೆ ತಿರುಗಿಸೋಕೆ ಹೊರಟರು. ಅರ್ಧಕ್ಕೇ ನಿಂತಿತು. ಸಾಕು ಬಿಡಿ, ನಾನೇ ಆ ಕಡೆ ಬರ್ತೀನಿ ಅಂದೆ. ಕೂತಿರು ಅಂದರು. ಮತ್ತೆ ಸ್ವಲ್ಪ. ಹಣೆ ಬೆವರುತ್ತಿದೆ. ಕೈ ಕಟ್ಟಿ ನೋಡ್ತಾ ಕೂರೋಕೆ ನನಗಾಗಲ್ಲ, ಅದಕ್ಕೇ ಬರೀತಾನೇ ಇದ್ದೀನಿ. ಕಾಗದದ ಅಂಚಿಗೆ ಬಂದರು. ಏಳು, ಅಂದರು. ಕಾಗದ ಮುಗೀತು, ಇನ್ನೂ ತಿರುಗಿಸ್ತಾ ಇದ್ದಾರೆ, ಈ ಕಡೆ, ನನ್ನ